ನೋವೇನಿಲ್ಲ ಡಾಕ್ಟ್ರೇ, ಆದರೂ...
ಓದುಗರ ಪ್ರಶ್ನೆ – ವೈದ್ಯರ ಉತ್ತರ

ಗಂಡಸರ ಆರೋಗ್ಯದ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರ ಇದೆ. ಹೆಸರು ಹಾಕಬೇಡಿ ಎಂದು ಬಹುತೇಕ ಎಲ್ಲರೂ ಕೇಳಿಕೊಂಡಿದ್ದಾರೆ, ಹಾಕಿಲ್ಲ. "ನೋವೇನಿಲ್ಲ" ಎಂಬುದನ್ನು ಹಲವರು ಸಮಾಧಾನಕ್ಕೆಂಬಂತೆ ಬರೆದಿದ್ದಾರೆ. ಓದುವಾಗ ನಮಗೆ ಗಾಬರಿಯಾದದ್ದು ಅಲ್ಲೇ.

ನನಗೆ 58 ವರ್ಷ, ಸಕಲೇಶಪುರದ ಹತ್ತಿರ ಕಾಫಿ ತೋಟ ಇದೆ. ಎರಡು ತಿಂಗಳ ಹಿಂದೆ ಒಂದು ದಿನ ಮೂತ್ರ ಕೆಂಪಗೆ ಹೋಯಿತು. ಉರಿ, ನೋವು ಏನೂ ಇರಲಿಲ್ಲ. ಉಷ್ಣ ಆಗಿದೆ ಎಂದು ಬಾರ್ಲಿ ನೀರು, ಎಳನೀರು ಕುಡಿದೆ, ಮರುದಿನಕ್ಕೆ ಸರಿಹೋಯಿತು. ಕಳೆದ ವಾರ ಮತ್ತೆ ಹಾಗೇ ಆಗಿ, ತಾನೇ ನಿಂತಿತು. ಮೊದಲಿನಿಂದ ಬೀಡಿ ಸೇದುವ ಅಭ್ಯಾಸ ಇದೆ. ತೋರಿಸಬೇಕೇ, ಇನ್ನೊಂದು ಸಲ ಬಂದರೆ ನೋಡೋಣವೇ?

ಇನ್ನೊಂದು ಸಲಕ್ಕೆ ಕಾಯಬೇಡಿ, ಈ ವಾರವೇ ತೋರಿಸಿ. ಬಾರ್ಲಿ ನೀರು ಕುಡಿದದ್ದರಿಂದ ರಕ್ತ ನಿಂತಿದೆ ಎಂದು ನೀವು ಅಂದುಕೊಂಡಿದ್ದೀರಿ. ಕುಡಿಯದಿದ್ದರೂ ನಿಲ್ಲುತ್ತಿತ್ತು. ಮೂತ್ರಕೋಶದ ಗಡ್ಡೆಯಿಂದ ಬರುವ ರಕ್ತದ ಸ್ವಭಾವವೇ ಹಾಗೆ: ಒಂದು ದಿನ ಬಂದು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾಣುವುದೇ ಇಲ್ಲ. ಕಲ್ಲು ಇದ್ದರೆ ಸಾಮಾನ್ಯವಾಗಿ ಸೊಂಟದಿಂದ ತೊಡೆಸಂದಿಗೆ ಇಳಿಯುವ ನೋವಿರುತ್ತದೆ, ಸೋಂಕು ಇದ್ದರೆ ಉರಿ ಇರುತ್ತದೆ. ಐವತ್ತು ದಾಟಿದ, ಬೀಡಿ ಸೇದುವ ಗಂಡಸಿಗೆ ನೋವೇ ಇಲ್ಲದೆ ರಕ್ತ ಹೋದರೆ ಕ್ಯಾನ್ಸರ್ ಅಲ್ಲ ಎಂದು ಖಚಿತವಾಗುವ ತನಕ ತಪಾಸಣೆ ನಿಲ್ಲಿಸಬಾರದು. ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ಊದಿಕೊಂಡರೂ ಹೀಗೆ ಆಗಬಹುದು. ಅದೇ ಇರಲಿ ಎಂದು ನಾವೂ ಆಶಿಸುತ್ತೇವೆ, ಆದರೆ ಅದನ್ನು ಊಹೆಯ ಮೇಲೆ ಹೇಳುವಂತಿಲ್ಲ.

ಬೀಡಿಗೂ ಮೂತ್ರಕೋಶಕ್ಕೂ ಏನು ಸಂಬಂಧ ಎಂದು ತುಂಬಾ ಜನ ಕೇಳುತ್ತಾರೆ. ಹೊಗೆಯಲ್ಲಿರುವ ಕ್ಯಾನ್ಸರ್‌ಕಾರಕಗಳು ಶ್ವಾಸಕೋಶದಿಂದ ರಕ್ತಕ್ಕೆ ಸೇರುತ್ತವೆ. ಅವನ್ನು ಮೂತ್ರಪಿಂಡ ಸೋಸಿ ಮೂತ್ರಕ್ಕೆ ಬಿಡುತ್ತದೆ. ಆ ಮೂತ್ರ ಗಂಟೆಗಟ್ಟಲೆ ಮೂತ್ರಕೋಶದಲ್ಲಿ ನಿಂತು ಅದರ ಒಳಪದರಕ್ಕೆ ತಾಗಿಕೊಂಡೇ ಇರುತ್ತದೆ. ಮೂತ್ರಕೋಶದ ಕ್ಯಾನ್ಸರ್‌ಗೆ ತಂಬಾಕಿನ ಹೊಗೆಯೇ ಮೊದಲ ಕಾರಣ.

ಮತ್ತೆ ಕೆಂಪು ಕಂಡರೆ ಗಾಬರಿಯಲ್ಲಿ ನೀರು ಸುರಿದು ತೊಳೆದುಬಿಡಬೇಡಿ. ಒಂದು ಪಾರದರ್ಶಕ ಲೋಟದಲ್ಲಿ ಹಿಡಿದು ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ. ರಕ್ತ ಮೊದಲ ಧಾರೆಯಲ್ಲಿ ಮಾತ್ರವೇ, ಕೊನೆಯ ಹನಿಗಳಲ್ಲೇ, ಉದ್ದಕ್ಕೂ ಇದೆಯೇ ಗಮನಿಸಿ. ಮೊದಲಿಗಷ್ಟೇ ಬಂದರೆ ಮೂತ್ರ ಹೊರಬರುವ ನಾಳದ ಕಡೆಯದು, ಕೊನೆಗೆ ಬಂದರೆ ಮೂತ್ರಕೋಶದ ಕತ್ತು ಅಥವಾ ಪ್ರಾಸ್ಟೇಟ್ ಕಡೆಯದು, ಉದ್ದಕ್ಕೂ ಬಂದರೆ ಮೂತ್ರಕೋಶ ಅಥವಾ ಮೂತ್ರಪಿಂಡದ್ದು ಎಂಬ ಅಂದಾಜು ವೈದ್ಯರಿಗೆ ಸಿಗುತ್ತದೆ. ಹಿಂದಿನ ದಿನ ಬೀಟ್‌ರೂಟ್ ತಿಂದಿದ್ದರೆ, ಕ್ಷಯಕ್ಕೆ ರಿಫಾಂಪಿಸಿನ್ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಹೇಳಿ, ಅವೂ ಬಣ್ಣ ಬದಲಿಸುತ್ತವೆ. ಹೃದಯಕ್ಕೆಂದು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ನೀವಾಗಿ ನಿಲ್ಲಿಸಬೇಡಿ. "ಆ ಮಾತ್ರೆಯಿಂದಲೇ ಬಂದಿರಬೇಕು" ಎಂದು ಕೈಬಿಡಲೂಬೇಡಿ. ಒಳಗೆ ಒಸರುವ ಜಾಗ ಒಂದಿದ್ದರೆ ಅದನ್ನು ಆ ಮಾತ್ರೆ ಬೇಗ ಬಯಲು ಮಾಡುತ್ತದೆ, ಅಷ್ಟೇ.

ಮೊದಲು ಮೂತ್ರದ ಸೂಕ್ಷ್ಮದರ್ಶಕ ಪರೀಕ್ಷೆ ಮತ್ತು ಸೋಂಕು ಪತ್ತೆಹಚ್ಚುವ ಕಲ್ಚರ್, ಮೂತ್ರಪಿಂಡದ ಕೆಲಸ ತಿಳಿಯಲು ರಕ್ತದಲ್ಲಿ ಕ್ರಿಯಾಟಿನಿನ್, ಮೂತ್ರಕೋಶ ತುಂಬಿರುವಾಗ ಹೊಟ್ಟೆಯ ಸ್ಕ್ಯಾನಿಂಗ್ ಆಗುತ್ತದೆ. ಎಡವುವುದು ಇದರ ನಂತರ. ಸ್ಕ್ಯಾನಿಂಗ್ ನಾರ್ಮಲ್ ಬಂದ ಕೂಡಲೇ ಫೈಲು ಮಡಚಿ ಮನೆಗೆ ಬರುತ್ತಾರೆ. ಸಣ್ಣ ಗಡ್ಡೆ, ಒಳಪದರಕ್ಕೆ ಅಂಟಿಕೊಂಡು ಚಪ್ಪಟೆಯಾಗಿ ಬೆಳೆದ ಗಡ್ಡೆ ಸ್ಕ್ಯಾನಿಂಗ್‌ನಲ್ಲಿ ತಪ್ಪಿಸಿಕೊಳ್ಳಬಹುದು. ಹಾಗಾಗಿ ಯೂರಾಲಜಿಸ್ಟ್ (ಮೂತ್ರರೋಗ ತಜ್ಞ) ಬಳಿ ಸಿಸ್ಟೊಸ್ಕೋಪಿ ಆಗಲೇಬೇಕು. ಮರಗಟ್ಟಿಸುವ ಜೆಲ್ ಹಾಕಿ, ಮೂತ್ರದ ದಾರಿಯಿಂದ ಸಣ್ಣ ದುರ್ಬೀನು ಒಳಗೆ ಬಿಟ್ಟು ನೇರವಾಗಿ ನೋಡುತ್ತಾರೆ. ನೋಡುವ ಕೆಲಸ ಹತ್ತು ನಿಮಿಷದೊಳಗೆ ಮುಗಿಯುತ್ತದೆ. ಆಮೇಲೆ ಒಂದೆರಡು ದಿನ ಮೂತ್ರ ಉರಿಯಬಹುದು. ಇನ್ನೊಂದು ಎಡವಟ್ಟು ಆಂಟಿಬಯೋಟಿಕ್‌ನದು. ಐದು ದಿನ ಮಾತ್ರೆ ಕೊಟ್ಟರು, ರಕ್ತ ನಿಂತಿತು, ಸೋಂಕೇ ಇರಬೇಕು ಎಂದು ಎಲ್ಲರೂ ಮರೆತರು. ಕಲ್ಚರ್‌ನಲ್ಲಿ ಸೋಂಕು ಕಂಡಿಲ್ಲ ಎಂದಾದರೆ ಆ ಮಾತ್ರೆಗೆ ಶ್ರೇಯಸ್ಸು ಕೊಡುವಂತಿಲ್ಲ.

ಗಡ್ಡೆ ಒಳಪದರದಲ್ಲೇ ಇದ್ದರೆ ಹೊಟ್ಟೆ ಕುಯ್ಯದೆ, ಮೂತ್ರದ ದಾರಿಯಿಂದಲೇ ಕೆತ್ತಿ ತೆಗೆಯುತ್ತಾರೆ. ಮರುಕಳಿಸದಿರಲಿ ಎಂದು ಮೂತ್ರಕೋಶದೊಳಗೆ ಔಷಧ ಬಿಡುತ್ತಾರೆ. ಮಕ್ಕಳಿಗೆ ಕ್ಷಯ ಬರದಂತೆ ಹಾಕುವ ಬಿಸಿಜಿ ಇಲ್ಲಿ ಕ್ಯಾನ್ಸರ್ ಔಷಧವಾಗಿ ಕೆಲಸ ಮಾಡುತ್ತದೆ. ಅದೇ ಗಡ್ಡೆ ಸ್ನಾಯುವಿಗೆ ಇಳಿದಿದ್ದರೆ ಅನೇಕರಿಗೆ ಮೂತ್ರಕೋಶವನ್ನೇ ತೆಗೆಯಬೇಕಾಗುತ್ತದೆ. ತಡಮಾಡಿದ ತಿಂಗಳುಗಳಿಗೆ ಇಲ್ಲಿ ಅಷ್ಟು ಬೆಲೆ. ರಕ್ತ ಹೆಪ್ಪುಗಟ್ಟಿ ಹುಳದಂತೆ ಬಂದರೆ, ಅಥವಾ ಮೂತ್ರವೇ ಕಟ್ಟಿದರೆ ಅಂದೇ ಆಸ್ಪತ್ರೆ.

ಬಿಪಿಎಲ್ ಕಾರ್ಡ್ ಇರುವವರಿಗೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ತುರ್ತು ಅಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಅದಕ್ಕೇ ತಾಲ್ಲೂಕು ಆಸ್ಪತ್ರೆಯಿಂದಲೋ ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಹಿಮ್ಸ್‌ನಿಂದಲೋ ಶುರುಮಾಡುವುದು ಒಳ್ಳೆಯದು.

ಕೊಪ್ಪ ತಾಲ್ಲೂಕಿನಿಂದ ಬರೆಯುತ್ತಿದ್ದೇನೆ. ನಮ್ಮ ಯಜಮಾನರಿಗೆ 44. ತಂಬಾಕು ಮುಟ್ಟುವುದಿಲ್ಲ, ಆದರೆ ದಿನವಿಡೀ ಬಾಯಲ್ಲಿ ಅಡಿಕೆ. ಈಗ ಸಾರು ಸ್ವಲ್ಪ ಖಾರ ಆದರೂ ಬಾಯಿ ಉರಿ ಅನ್ನುತ್ತಾರೆ, ಮುದ್ದೆ ತುತ್ತು ಚಿಕ್ಕದು ಮಾಡಿಕೊಳ್ಳುತ್ತಾರೆ. "ಬರೀ ಅಡಿಕೆ ತಾನೆ, ನಮ್ಮ ತೋಟದ್ದೇ" ಎಂದು ಜಗಳಕ್ಕೆ ಬರುತ್ತಾರೆ.

ಅಮ್ಮಾ, ತುತ್ತು ಚಿಕ್ಕದಾದದ್ದನ್ನು ನೀವು ಗಮನಿಸಿದ್ದು ತುಂಬಾ ಒಳ್ಳೆಯದಾಯಿತು. ಅವರ ತೋರು, ನಡು, ಉಂಗುರ ಬೆರಳು ಮೂರನ್ನೂ ಜೋಡಿಸಿ, ಒಂದರ ಮೇಲೊಂದು ಬರುವಂತೆ ಮೇಲಿನ–ಕೆಳಗಿನ ಮುಂಬಲ್ಲುಗಳ ನಡುವೆ ನಿಲ್ಲಿಸಲು ಹೇಳಿ. ಮೂರು ಹಿಡಿಸಬೇಕು. ಎರಡೇ ಹಿಡಿಸಿದರೆ ಬಾಯಿಯ ಒಳಚರ್ಮ ಬಿಗಿಯಾಗುತ್ತಿದೆ ಎಂದು ತಿಳಿಯಿರಿ. ಕೆನ್ನೆಯ ಒಳಗೆ ಬೆರಳಾಡಿಸಿದರೆ ಹುರಿಯಂಥ ಪಟ್ಟಿ ಸಿಗಬಹುದು, ಚರ್ಮ ಬಿಳಿಚಿಕೊಂಡಿರಬಹುದು. ಇದು ಅಡಿಕೆಯಿಂದಲೇ ಬರುವ ಕಾಯಿಲೆ, ಸಬ್‌ಮ್ಯೂಕಸ್ ಫೈಬ್ರೋಸಿಸ್. ಇದಕ್ಕೆ ತಂಬಾಕು ಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಬರಿಯ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಪಟ್ಟಿಗೆ ಸೇರಿಸಿ ಇಪ್ಪತ್ತು ವರ್ಷ ಕಳೆದಿದೆ. ಮಲೆನಾಡಿನಲ್ಲಿ ಇದನ್ನು ಬರೆದರೆ ಬೈಗುಳದ ಪತ್ರ ಬರುತ್ತದೆ, ಗೊತ್ತು. ಬೆಳೆದು ಮಾರುವ ಮಾತು ಬೇರೆ, ದಿನವಿಡೀ ದವಡೆಯಲ್ಲಿ ಇಟ್ಟುಕೊಳ್ಳುವ ಮಾತು ಬೇರೆ.

ಬಿಗಿಯಾದದ್ದು ಪೂರ್ತಿ ಮೊದಲಿನಂತಾಗುವುದಿಲ್ಲ. ಅಡಿಕೆ ಬಿಟ್ಟರೆ ಮುಂದುವರಿಯುವುದು ತಗ್ಗುತ್ತದೆ, ಬಾಯಿ ತೆರೆಯುವ ವ್ಯಾಯಾಮ ಮತ್ತು ಕೆನ್ನೆಗೆ ಕೊಡುವ ಇಂಜೆಕ್ಷನ್‌ನಿಂದ ಸ್ವಲ್ಪ ಸಡಿಲವಾಗುತ್ತದೆ. ಹೀಗೆ ಬಿಗಿದ ಬಾಯಿಯಲ್ಲಿ ಮುಂದೆ ಕ್ಯಾನ್ಸರ್ ಏಳುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು, ಆದ್ದರಿಂದ ಅಡಿಕೆ ಬಿಟ್ಟ ಮೇಲೂ ಆರು ತಿಂಗಳಿಗೊಮ್ಮೆ ತೋರಿಸುತ್ತಿರಬೇಕು. ಮನೆಯಲ್ಲಿ ತಿಂಗಳಿಗೊಮ್ಮೆ ಟಾರ್ಚ್ ಹಿಡಿದು ಕೆನ್ನೆಯ ಒಳಭಾಗ, ತುಟಿ–ಒಸಡಿನ ಸಂದು, ನಾಲಿಗೆಯ ಎರಡೂ ಅಂಚು, ನಾಲಿಗೆಯ ಅಡಿ ನೋಡಿ. ಉಜ್ಜಿದರೂ ಹೋಗದ ಬಿಳಿ ಮಚ್ಚೆ, ಮಖಮಲ್ಲಿನಂಥ ಕೆಂಪು ಮಚ್ಚೆ, ಎರಡು ವಾರಕ್ಕೂ ಮಾಯದ ಹುಣ್ಣು, ಕಾರಣವಿಲ್ಲದೆ ಅಲ್ಲಾಡುವ ಹಲ್ಲು ಇವುಗಳಲ್ಲಿ ಯಾವುದು ಕಂಡರೂ ತೋರಿಸಬೇಕು. ಕೆಂಪು ಮಚ್ಚೆಗೆ ಬಿಳಿಗಿಂತ ಹೆಚ್ಚು ಹೆದರಬೇಕು. ಹಲ್ಲು ಚುಚ್ಚಿ ಹುಣ್ಣಾಗಿದೆ ಎಂದು ಹಲ್ಲಿನ ಡಾಕ್ಟರು ಚೂಪು ತುದಿ ಉಜ್ಜಿ ಕಳಿಸಿದರೆ ಎರಡು ವಾರ ಬಿಟ್ಟು ಮತ್ತೆ ಹೋಗಿ. ಆಗಲೂ ಮಾಯದಿದ್ದರೆ ಬಯಾಪ್ಸಿ ಕೇಳಿ. ತುಂಡು ತೆಗೆದರೆ ಕ್ಯಾನ್ಸರ್ ಹರಡುತ್ತದೆ ಎಂಬುದು ಸುಳ್ಳು, ಆ ಸುಳ್ಳು ನಂಬಿ ತಡಮಾಡಿದವರೇ ಕೊನೆಗೆ ದವಡೆ ಕಳೆದುಕೊಳ್ಳುವುದು. ನಿಮಗೆ ಶಿವಮೊಗ್ಗ, ಮಣಿಪಾಲ ಎರಡೂ ಕಡೆ ದಂತ ವೈದ್ಯಕೀಯ ಕಾಲೇಜುಗಳಿವೆ.

ವಯಸ್ಸು 23, ಹಾಸನದಲ್ಲಿ ಓದುತ್ತಿದ್ದೇನೆ. ಸ್ನಾನ ಮಾಡುವಾಗ ಬಲಗಡೆ ತರಡಿನಲ್ಲಿ ಗಟ್ಟಿ ಗಂಟು ಸಿಕ್ಕಿತು. ನೋವಿಲ್ಲ, ಸ್ವಲ್ಪ ಭಾರ ಅನ್ನಿಸುತ್ತದೆ. ಯಾರಿಗೂ ಹೇಳಿಲ್ಲ.

ನಾಳೆಯೇ ಹಿಮ್ಸ್‌ನ ಹೊರರೋಗಿ ವಿಭಾಗದಲ್ಲಿ ಚೀಟಿ ಮಾಡಿಸಿ ಸರ್ಜರಿ ವಿಭಾಗಕ್ಕೆ ಹೋಗಿ. ಚೀಟಿ ಬರೆಯುವವರಿಗೆ "ಸರ್ಜನ್ ನೋಡಬೇಕು" ಎಂದಷ್ಟೇ ಹೇಳಿದರೆ ಸಾಕು. ಒಳಗೆ ವೈದ್ಯರ ಮುಂದೆ ಮಾತ್ರ ಸುತ್ತಿ ಬಳಸಬೇಡಿ: "ಬಲಗಡೆ ವೃಷಣದಲ್ಲಿ ಗಂಟು, ನೋವಿಲ್ಲ, ಇಷ್ಟು ದಿನದಿಂದ ಇದೆ" ಎನ್ನಿ.

ಎಲ್ಲ ಗಂಟೂ ಕೆಟ್ಟದ್ದಲ್ಲ. ವೃಷಣದ ಹಿಂಬದಿಯಲ್ಲಿ ಸಹಜವಾಗಿಯೇ ಒಂದು ಮೆತ್ತನೆಯ ಸುರುಳಿ ಇರುತ್ತದೆ. ನೀರು ತುಂಬಿದ್ದರೆ ಟಾರ್ಚ್ ಬೆಳಕು ಆಚೆ ಹಾಯುತ್ತದೆ. ನರ ಉಬ್ಬಿದ್ದರೆ, ಹೆಚ್ಚಾಗಿ ಎಡಗಡೆ, ಹುಳಗಳ ಗೊಂಚಲು ಮುಟ್ಟಿದಂತಾಗುತ್ತದೆ. ಆದರೆ ವೃಷಣದಲ್ಲೇ ಕೂತ, ನೋವಿಲ್ಲದ ಗಟ್ಟಿ ಗಂಟಿಗೆ ಅದೇ ವಾರ ಸ್ಕ್ಯಾನಿಂಗ್ ಆಗಬೇಕು. ವೃಷಣದ ಕ್ಯಾನ್ಸರ್ ಬರುವುದೇ ಹೆಚ್ಚಾಗಿ 15ರಿಂದ 40ರ ವಯಸ್ಸಿನಲ್ಲಿ. ಹುಟ್ಟಿದಾಗ ವೃಷಣ ಕೆಳಗಿಳಿಯದೆ ಮೇಲೇ ಉಳಿದಿದ್ದವರಿಗೆ ಸಾಧ್ಯತೆ ಹೆಚ್ಚು, ನಿಮಗೆ ಹಾಗಿತ್ತೇ ಎಂದು ಅಮ್ಮನನ್ನು ಕೇಳಿ. ಸ್ಕ್ಯಾನಿಂಗ್‌ನಲ್ಲಿ ಸಂಶಯ ಬಂದರೆ ಎಎಫ್‌ಪಿ, ಬೀಟಾ ಎಚ್‌ಸಿಜಿ, ಎಲ್‌ಡಿಎಚ್ ಎಂಬ ರಕ್ತಪರೀಕ್ಷೆಗಳಿವೆ. ಒಂದು ಮಾತು ನೆನಪಿಡಿ: ಚೀಲಕ್ಕೆ ಸೂಜಿ ಚುಚ್ಚಿ ಬಯಾಪ್ಸಿ ತೆಗೆಯುವುದಿಲ್ಲ, ಆಪರೇಷನ್ ಬೇಕಾದರೆ ತೊಡೆಸಂದಿಯ ಮೇಲಿನಿಂದ ಮಾಡುತ್ತಾರೆ. ಉಳಿದ ಒಂದೇ ವೃಷಣದಿಂದ ಸಾಮಾನ್ಯವಾಗಿ ಮದುವೆ, ಮಕ್ಕಳು ಯಾವುದಕ್ಕೂ ಅಡ್ಡಿಯಿಲ್ಲ. ಆದರೂ ಚಿಕಿತ್ಸೆಗೆ ಮೊದಲು ವೀರ್ಯ ಶೇಖರಿಸಿಡುವ ಬಗ್ಗೆ ಕೇಳಿ. ಬೇಗ ಹಿಡಿದರೆ ಬಹುಪಾಲು ಪೂರ್ತಿ ಗುಣವಾಗುವ ಕ್ಯಾನ್ಸರ್ ಇದು.

ನಿಮ್ಮ ರೂಮಿನ ಗೆಳೆಯರಿಗೂ ಹೇಳಿ: ಏಕಾಏಕಿ ತಡೆಯಲಾಗದ ನೋವು ಬಂದು ವೃಷಣ ಮೇಲೆ ಸೆಳೆದುಕೊಂಡರೆ ಅದು ಬೇರೆ ಸಂಗತಿ. ನರ ತಿರುಚಿಕೊಂಡು ರಕ್ತ ನಿಂತಿರುತ್ತದೆ. ಸುಮಾರು ಆರು ಗಂಟೆಯೊಳಗೆ ಬಿಡಿಸದಿದ್ದರೆ ಅದನ್ನು ಉಳಿಸುವುದು ಕಷ್ಟ, ಬೆಳಗಾಗಲಿ ಎಂದು ಕಾಯುವಂತಿಲ್ಲ.

ಬೇಲೂರಿನಲ್ಲಿ ಆಟೊ ಓಡಿಸುತ್ತೇನೆ, 49 ವರ್ಷ, ಶುಗರ್ ಇದೆ. ಒಂದು ತಿಂಗಳಿಂದ ಉಬ್ಬು ಹತ್ತಿದರೆ, ಗ್ಯಾಸ್ ಸಿಲಿಂಡರ್ ಎತ್ತಿದರೆ ಎದೆಯಲ್ಲಿ ಉರಿ, ಗಂಟಲು ಕಟ್ಟಿದ ಹಾಗೆ. ಐದು ನಿಮಿಷ ಕೂತರೆ ಹೋಗುತ್ತದೆ. ಮೆಡಿಕಲ್ ಶಾಪಿನಲ್ಲಿ ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟಿದ್ದಾರೆ.

ಗ್ಯಾಸ್ಟ್ರಿಕ್‌ಗೆ ಉಬ್ಬು–ಇಳಿಜಾರು ಗೊತ್ತಾಗುವುದಿಲ್ಲ. ಊಟ, ಖಾಲಿ ಹೊಟ್ಟೆ, ಮಲಗುವುದು ಇವಕ್ಕೆ ಅದು ಏರಿಳಿಯುತ್ತದೆ. ಶ್ರಮಕ್ಕೆ ಬಂದು ಕೂತರೆ ಹೋಗುವ ಉರಿ, ಹೃದಯದ ರಕ್ತನಾಳ ಕಿರಿದಾದಾಗಿನ ಲಕ್ಷಣ. ಅದೂ ಹೊಸದಾಗಿ ಶುರುವಾಗಿದೆ, ಜೊತೆಗೆ ಶುಗರ್ ಇದೆ. ಈ ಪತ್ರಿಕೆ ಕೈಗೆ ಸಿಕ್ಕ ದಿನವೇ ತಾಲ್ಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಆಟೊ ನೀವು ಓಡಿಸಿಕೊಂಡು ಹೋಗಬೇಡಿ, ಸ್ಟ್ಯಾಂಡಿನಲ್ಲಿ ಇನ್ನೊಬ್ಬರನ್ನು ಕರೆದುಕೊಳ್ಳಿ.

ಕೂತಿರುವಾಗ ತೆಗೆದ ಇಸಿಜಿ ಸರಿಯಾಗಿ ಬರಬಹುದು, ಅದರಿಂದ ಹೃದಯ ಸರಿಯಿದೆ ಎಂದಾಗುವುದಿಲ್ಲ. "ಶ್ರಮಪಟ್ಟಾಗ ಮಾತ್ರ ಬರುತ್ತದೆ, ಒಂದು ತಿಂಗಳಿಂದ" ಎಂಬ ವಾಕ್ಯವನ್ನು ಬಿಡದೆ ಹೇಳಿ. ಅದನ್ನು ಕೇಳಿದ ವೈದ್ಯರು ಎಕೋ (ಹೃದಯದ ಸ್ಕ್ಯಾನಿಂಗ್), ಅಗತ್ಯ ಬಿದ್ದರೆ ಟ್ರೆಡ್‌ಮಿಲ್ ಪರೀಕ್ಷೆ ಅಥವಾ ನೇರವಾಗಿ ಹೃದಯದ ರಕ್ತನಾಳ ನೋಡುವ ಆಂಜಿಯೋಗ್ರಾಂಗೆ ಕಳಿಸುತ್ತಾರೆ. ಸುಮ್ಮನೆ ಕೂತಾಗಲೂ ಉರಿ ಬರತೊಡಗಿದ್ದರೆ ಟ್ರೆಡ್‌ಮಿಲ್ ಹತ್ತಬಾರದು.

ಉರಿ ಅಥವಾ ಒತ್ತಡ ಹತ್ತು–ಹದಿನೈದು ನಿಮಿಷಕ್ಕೂ ನಿಲ್ಲದೆ ಬೆವರು, ಎಡಗೈ ಅಥವಾ ದವಡೆ ಸೆಳೆತ, ಉಸಿರು ಕಟ್ಟುವುದು ಸೇರಿದರೆ 108ಕ್ಕೆ ಕರೆ ಮಾಡಿ. ಆಸ್ಪಿರಿನ್ ಅಲರ್ಜಿ, ಹೊಟ್ಟೆಯಲ್ಲಿ ರಕ್ತಸ್ರಾವ ಇಲ್ಲದವರು 300 ಮಿ.ಗ್ರಾಂ ಆಸ್ಪಿರಿನ್ ಅಗಿದು ನುಂಗಬೇಕು, ಹಾಗೇ ನುಂಗಿದರೆ ಕೆಲಸ ತಡ. ಶುಗರ್ ಇರುವವರಿಗೆ ನರ ಮಂಕಾಗಿ ನೋವೇ ಇಲ್ಲದಿರಬಹುದು, ಬರೀ ಬೆವರು, ಸುಸ್ತು, ಏದುಸಿರು. ರಾಜ್ಯದಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೊಡ್ಡ ಹೃದ್ರೋಗ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಬೇಕಾದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುವ ಏರ್ಪಾಡಿದೆ. ಮೊದಲ ಒಂದೆರಡು ಗಂಟೆಯಲ್ಲಿ ಬಿದ್ದರೆ ಆ ಇಂಜೆಕ್ಷನ್‌ಗೆ ಹೆಚ್ಚು ಬಲ. ನೇರವಾಗಿ ಮೈಸೂರಿಗೋ ಬೆಂಗಳೂರಿಗೋ ಕಾರು ಹತ್ತಿಸಿ ದಾರಿಯಲ್ಲಿ ಆ ಎರಡು ಗಂಟೆ ಕಳೆಯುವುದು ನಮ್ಮ ಜಿಲ್ಲೆಗಳಲ್ಲಿ ಆಗಾಗ ಆಗುವ ತಪ್ಪು.

2025ರ ಜೂನ್–ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿಗಳಿಗೆ ಹೆದರಿ ಜನ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಸಾಲು ನಿಂತದ್ದು ನಿಮಗೆ ನೆನಪಿರಬಹುದು. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಹುಡುಕಿದಾಗ ಸಿಕ್ಕಿದ್ದು ಹೊಸ ಪಿಡುಗಲ್ಲ, ಶುಗರ್, ಬಿಪಿ, ಧೂಮಪಾನದಂಥ ಹಳೇ ಕಾರಣಗಳೇ. ಮೃತರಲ್ಲಿ ಆಟೊ, ಟ್ಯಾಕ್ಸಿ ಓಡಿಸುವವರೂ ಸಾಕಷ್ಟಿದ್ದರು.

ಚಿಕ್ಕಮಗಳೂರು. ವಯಸ್ಸು 51. ಒಂದು ವರ್ಷದಿಂದ ಹೆಂಡತಿ ಜೊತೆ ಸೇರಲು ಆಗುತ್ತಿಲ್ಲ. ಆನ್‌ಲೈನ್‌ನಲ್ಲಿ ಮಾತ್ರೆ ತರಿಸಲೇ?

ಮಾತ್ರೆಗೆ ಮುಂಚೆ ಶುಗರ್, ಬಿಪಿ, ಕೊಲೆಸ್ಟ್ರಾಲ್, ಇಸಿಜಿ. ಶಿಶ್ನದ ರಕ್ತನಾಳಗಳು ಹೃದಯದ ನಾಳಗಳಿಗಿಂತ ಸಣ್ಣವು, ಕೊಬ್ಬು ಕಟ್ಟತೊಡಗಿದಾಗ ಮೊದಲು ಸೊರಗುವುದು ಅವೇ. ಎಷ್ಟೋ ಜನರಲ್ಲಿ ಎದೆನೋವಿಗೆ ಎರಡು–ಮೂರು ವರ್ಷ ಮೊದಲೇ ಈ ತೊಂದರೆ ಶುರುವಾಗಿರುತ್ತದೆ. ಟೆಸ್ಟೋಸ್ಟಿರಾನ್ ನೋಡುವುದಾದರೆ ಬೆಳಿಗ್ಗೆ 8ರಿಂದ 10ರೊಳಗೆ ರಕ್ತ ಕೊಡಿ, ಸಂಜೆಯ ಅಂಕಿ ತಪ್ಪುದಾರಿ ಹಿಡಿಸುತ್ತದೆ. ಎದೆನೋವಿಗೆ ನಾಲಿಗೆ ಕೆಳಗಿಡುವ ನೈಟ್ರೇಟ್ ಮಾತ್ರೆ ಬಳಸುವವರು ಈ ತೊಂದರೆಗೆಂದು ಕೊಡುವ ಸಿಲ್ಡೆನಾಫಿಲ್ ಮಾತ್ರೆ ಮುಟ್ಟಲೇಬಾರದು, ಬಿಪಿ ಕುಸಿದು ಪ್ರಾಣಕ್ಕೆ ಬರುತ್ತದೆ. ಹೆದ್ದಾರಿ ಪಕ್ಕದ ಟೆಂಟುಗಳಲ್ಲಿ ಮಾರುವ "ಶಕ್ತಿ" ಪುಡಿಗಳಿಂದಲೂ ದೂರವಿರಿ. ಅಂಥವುಗಳಲ್ಲಿ ಇದೇ ಮಾತ್ರೆಯನ್ನು ಹೇಳದೆ ಕೇಳದೆ ಬೆರೆಸಿರುವುದುಂಟು.

ಮೂಡಿಗೆರೆ ಕಡೆ ಎಸ್ಟೇಟಿನಲ್ಲಿ ರೈಟರ್ ಆಗಿದ್ದೇನೆ, 52 ವರ್ಷ. ಹಿಮೋಗ್ಲೋಬಿನ್ 8.6 ಇದೆ. ಕಬ್ಬಿಣದ ಮಾತ್ರೆ ತಿಂದರೆ 11ಕ್ಕೆ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಮೂಲವ್ಯಾಧಿ ಇರುವುದರಿಂದ ಹೀಗೆ ಎನ್ನುತ್ತಾರೆ.

ಇರಬಹುದು, ಆದರೆ ಮೂಲವ್ಯಾಧಿ ಇದೆ ಎಂದು ಬೇರೆ ಕಾರಣ ಇಲ್ಲ ಎಂದಾಗುವುದಿಲ್ಲ. ಗಂಡಸರಲ್ಲಿ 13ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ತಿಂಗಳ ಮುಟ್ಟು ಇಲ್ಲದ ದೇಹದಲ್ಲಿ ಕಬ್ಬಿಣ ಹೀಗೆ ಪದೇ ಪದೇ ಖಾಲಿಯಾಗುತ್ತಿದ್ದರೆ ರಕ್ತ ಎಲ್ಲೋ ಸೋರುತ್ತಿದೆ. ಮಾತ್ರೆ ಅಂಕಿಯನ್ನು ಏರಿಸುತ್ತದೆ, ಸೋರುವ ಜಾಗ ತೋರಿಸುವುದಿಲ್ಲ.

ಎಸ್ಟೇಟಿನಲ್ಲಿ ಮೊದಲು ನೆನಪಾಗಬೇಕಾದ್ದು ಕೊಕ್ಕೆಹುಳು. ಒದ್ದೆ ಮಣ್ಣಿನಲ್ಲಿ ಬರಿಗಾಲಲ್ಲಿ ಓಡಾಡುವವರ ಪಾದದಿಂದ ಒಳಸೇರಿ, ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಮಲಪರೀಕ್ಷೆಯಲ್ಲಿ ಮೊಟ್ಟೆ ಕಾಣುತ್ತದೆ, 400 ಮಿ.ಗ್ರಾಂ ಆಲ್ಬೆಂಡಜೋಲ್ ಸಾಮಾನ್ಯ ಚಿಕಿತ್ಸೆ. ಮಂಡಿನೋವಿಗೆಂದು ದಿನಾ ನುಂಗುವ ಡೈಕ್ಲೋಫೆನಾಕ್‌ನಂಥ ಮಾತ್ರೆಯಿಂದ ಜಠರದಲ್ಲಿ ಹುಣ್ಣಾಗಿದ್ದರೂ ಸೋರುತ್ತದೆ. ಹುಳು ಸಿಕ್ಕಿ, ಔಷಧ ಕೊಟ್ಟ ಮೇಲೂ ಹಿಮೋಗ್ಲೋಬಿನ್ ನಿಲ್ಲದಿದ್ದರೆ, ಅಥವಾ ಹುಳುವೇ ಸಿಗದಿದ್ದರೆ, ನಿಮ್ಮ ವಯಸ್ಸಿಗೆ ಜಠರ ನೋಡುವ ಎಂಡೋಸ್ಕೋಪಿ, ದೊಡ್ಡ ಕರುಳು ನೋಡುವ ಕೊಲೊನೋಸ್ಕೋಪಿ ಎರಡೂ ಆಗಬೇಕು. ದೊಡ್ಡ ಕರುಳಿನ ಬಲಭಾಗದ ಕ್ಯಾನ್ಸರ್‌ನಲ್ಲಿ ಮಲದಲ್ಲಿ ರಕ್ತ ಕಣ್ಣಿಗೆ ಕಾಣದೆ ಹೋಗಬಹುದು, ಸುಸ್ತು ಮತ್ತು ರಕ್ತಹೀನತೆಯೇ ಮೊದಲ ಸುಳಿವು.

ಕಬ್ಬಿಣದ ಮಾತ್ರೆಯಿಂದ ಮಲ ಕಪ್ಪಾಗುವುದು ಸಹಜ. ಡಾಂಬರಿನಂತೆ ಅಂಟಂಟಾಗಿ, ಕೆಟ್ಟ ವಾಸನೆಯೊಂದಿಗೆ ಹೋದರೆ ಅದು ರಕ್ತ. ಇನ್ನು, ಮಾತ್ರೆಯನ್ನು ಕಾಫಿ ಜೊತೆ ನುಂಗುತ್ತಿದ್ದೀರಾ? ಕಾಫಿ ನಾಡಿನಲ್ಲಿ ಈ ಪ್ರಶ್ನೆ ಕೇಳದೆ ಬಿಡುವಂತಿಲ್ಲ. ಕಾಫಿ, ಟೀ ಎರಡೂ ಕಬ್ಬಿಣ ಹೀರದಂತೆ ತಡೆಯುತ್ತವೆ. ಮಾತ್ರೆಗೂ ಅವಕ್ಕೂ ನಡುವೆ ಎರಡು ಗಂಟೆ ಬಿಡಿ.

ಕಡೂರು. 70 ಟೆಸ್ಟುಗಳ ಫುಲ್ ಬಾಡಿ ಚೆಕಪ್ ಆಫರ್ ಬಂದಿದೆ. 40 ವರ್ಷದ ನನಗೆ ತೊಂದರೆ ಏನಿಲ್ಲ. ಮಾಡಿಸಲೇ?

ಬೇಡ. ಬಿಪಿ, ಖಾಲಿ ಹೊಟ್ಟೆಯ ಶುಗರ್, ಕೊಲೆಸ್ಟ್ರಾಲ್, ಸೊಂಟದ ಅಳತೆ, ಟಾರ್ಚ್ ಹಾಕಿ ಬಾಯಿಯ ತಪಾಸಣೆ, ನಿಮಗೆ ಇಷ್ಟು ಸಾಕು. ಸೊಂಟ 90 ಸೆಂ.ಮೀ. ದಾಟಬಾರದು. 30 ದಾಟಿದವರಿಗೆ ಬಿಪಿ, ಶುಗರ್, ಬಾಯಿ ತಪಾಸಣೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಉಚಿತ. ಲಕ್ಷಣವೇ ಇಲ್ಲದವರಿಗೆ ಕ್ಯಾನ್ಸರ್ ಮಾರ್ಕರ್‌ಗಳ ಉದ್ದ ಪಟ್ಟಿ ಮಾಡಿಸಿದರೆ ಸಿಗುವುದು ಹೆಚ್ಚಾಗಿ ಸುಳ್ಳು ಗಾಬರಿ. ಅಪ್ಪ, ಅಣ್ಣ–ತಮ್ಮಂದಿರಿಗೆ ಚಿಕ್ಕ ವಯಸ್ಸಿನಲ್ಲಿ ಹೃದಯಾಘಾತ ಅಥವಾ ಕರುಳಿನ ಕ್ಯಾನ್ಸರ್ ಆಗಿದ್ದರೆ ಮಾತ್ರ ಲೆಕ್ಕ ಬೇರೆ, ಅದನ್ನು ವೈದ್ಯರಿಗೆ ಹೇಳಿ.

ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಅಪ್ಪ ಅರಸೀಕೆರೆಯಲ್ಲಿದ್ದಾರೆ, 68. ಎರಡು ವರ್ಷದಿಂದ ರಾತ್ರಿ ನಾಲ್ಕು ಸಲ ಏಳುತ್ತಿದ್ದರು, ವಯಸ್ಸಾಯಿತಲ್ಲ ಎನ್ನುತ್ತಿದ್ದರು. ನೆಗಡಿಗೆ ಮಾತ್ರೆ ತಗೊಂಡ ರಾತ್ರಿ ಮೂತ್ರ ಕಟ್ಟಿ, ಈಗ ಪೈಪ್ ಹಾಕಿದ್ದಾರೆ. ಪ್ರಾಸ್ಟೇಟ್‌ಗೆಂದು ಮಾಡುವ ರಕ್ತಪರೀಕ್ಷೆ ಪಿಎಸ್‌ಎ 11 ಬಂದಿದೆ. ಕ್ಯಾನ್ಸರ್ ಎಂದು ಮನೆಯಲ್ಲಿ ಎಲ್ಲರೂ ಅಳುತ್ತಿದ್ದಾರೆ.

ಅಳು ನಿಲ್ಲಿಸಲು ಹೇಳಮ್ಮ. ಮೂತ್ರ ಕಟ್ಟಿದಾಗ, ಪೈಪ್ ಹಾಕಿದಾಗ, ಸೋಂಕು ಇದ್ದಾಗ ಪಿಎಸ್‌ಎ ತಾನಾಗಿ ಏರುತ್ತದೆ. ಎಲ್ಲ ತಣ್ಣಗಾದ ಮೇಲೆ, ಸುಮಾರು ಆರು ವಾರ ಬಿಟ್ಟು ಮತ್ತೆ ಮಾಡಿಸಿದ ಅಂಕಿಯೇ ಲೆಕ್ಕಕ್ಕೆ. ಆಗಲೂ ಹೆಚ್ಚಿದ್ದರೆ, ಅಥವಾ ವೈದ್ಯರು ಬೆರಳಿಟ್ಟು ನೋಡಿದಾಗ ಗ್ರಂಥಿ ಕಲ್ಲಿನಂತೆ ಗಟ್ಟಿಯಿದ್ದರೆ ಎಂಆರ್‌ಐ, ಬಯಾಪ್ಸಿ. ಅಪ್ಪ ಪ್ರಾಸ್ಟೇಟ್ ಕುಗ್ಗಿಸುವ ಫಿನಾಸ್ಟರೈಡ್ ಅಥವಾ ಡ್ಯುಟಾಸ್ಟರೈಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮರೆಯದೆ ತಿಳಿಸಿ: ಅವು ಪಿಎಸ್‌ಎಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತವೆ, ಕಡಿಮೆ ಅಂಕಿ ನೋಡಿ ಮೋಸಹೋಗಬಾರದು.

ರಾತ್ರಿ ಏಳುವುದು ಬರೀ ವಯಸ್ಸಿನ ಮಾತಲ್ಲ. ಧಾರೆ ಸಣ್ಣಗಾಗುವುದು, ಶುರುವಾಗಲು ತಿಣುಕುವುದು, ಮುಗಿದ ಮೇಲೂ ಹನಿಯುವುದು ಜೊತೆಗಿದ್ದರೆ ಪ್ರಾಸ್ಟೇಟ್ ದಾರಿ ಅಡ್ಡಗಟ್ಟುತ್ತಿದೆ. ನೆಗಡಿ ಮಾತ್ರೆಯಲ್ಲಿರುವ ಫಿನೈಲೆಫ್ರಿನ್ ಮೂತ್ರಕೋಶದ ಬಾಯನ್ನು ಬಿಗಿಸುತ್ತದೆ, ಕ್ಲೋರ್‌ಫೆನಿರಮೈನ್ ಮೂತ್ರಕೋಶದ ಒತ್ತುವ ಶಕ್ತಿ ತಗ್ಗಿಸುತ್ತದೆ. ಮೊದಲೇ ಕಿರಿದಾಗಿದ್ದ ದಾರಿ ಆ ರಾತ್ರಿ ಪೂರ್ತಿ ಮುಚ್ಚಿತು. ಇನ್ನು ಮುಂದೆ ನೆಗಡಿಯಾದರೆ ಅಂಥ ಮಾತ್ರೆ ಕೊಡಿಸಬೇಡಿ.

ಕ್ರಿಯಾಟಿನಿನ್ ಮತ್ತು ಸ್ಕ್ಯಾನಿಂಗ್ ಆಗಿದೆಯೇ ನೋಡಿ, ವರ್ಷಗಟ್ಟಲೆ ಒತ್ತಡ ಬಿದ್ದರೆ ಮೂತ್ರಪಿಂಡ ಸದ್ದಿಲ್ಲದೆ ಹಾಳಾಗಿರುತ್ತದೆ. ಸಾಮಾನ್ಯವಾಗಿ ಕೆಲವು ದಿನ ಮೂತ್ರದ ದಾರಿ ಸಡಿಲಿಸುವ ಟ್ಯಾಮ್ಸುಲೋಸಿನ್ ಕೊಟ್ಟು ಪೈಪ್ ತೆಗೆದು ನೋಡುತ್ತಾರೆ. ಆ ಮಾತ್ರೆಯಿಂದ ಎದ್ದ ಕೂಡಲೇ ತಲೆ ಸುತ್ತಬಹುದು. ಆದ್ದರಿಂದ ರಾತ್ರಿ ಊಟದ ನಂತರ ಕೊಡಿ, ಹಾಸಿಗೆ ಅಂಚಿನಲ್ಲಿ ಒಂದು ನಿಮಿಷ ಕೂತು ಏಳಲು ಹೇಳಿ. ಪೈಪ್ ತೆಗೆದ ದಿನ ಆರು ಗಂಟೆಯಾದರೂ ಮೂತ್ರ ಬರದಿದ್ದರೆ, ಕೆಳಹೊಟ್ಟೆ ಉಬ್ಬಿದರೆ, ವಾಪಸ್ ಕರೆದುಕೊಂಡು ಹೋಗಬೇಕು. ಮನೆಯಲ್ಲಿ ಬಿಸಿನೀರಿನ ಶಾಖ ಕೊಡುತ್ತಾ ಕೂರಬೇಡಿ. ಬೆನ್ನುನೋವಿನ ಜೊತೆ ಕಾಲುಗಳ ಶಕ್ತಿ ಕುಂದಿದರೆ ಅಥವಾ ತೊಡೆಸಂದು ಜೋಮು ಹಿಡಿದರೆ ಅದೂ ಅಂದೇ ತೋರಿಸುವ ತುರ್ತು.